ಕೆರೆ ತುಂಬಿದೆ, ತೂಬು ಎತ್ತುವಂತಿಲ್ಲ

2018ರ ಜೂನ್ ತಿಂಗಳು. ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು. ಮಳೆ ಸುರಿದು ಬಂದದ್ದಲ್ಲ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ, ಪಂಪಿನಿಂದ ಪೈಪಿನೊಳಗೆ ತಳ್ಳಿ ತಂದ ನೀರು. ಜನ ಅದನ್ನು ಕೆ.ಸಿ. ವ್ಯಾಲಿ ನೀರು ಅನ್ನುತ್ತಾರೆ. ದಿನಕ್ಕೆ 44 ಕೋಟಿ ಲೀಟರ್ ಕಳಿಸಿ 126 ಕೆರೆ ತುಂಬಿಸುವುದು ಯೋಜನೆಯ ಲೆಕ್ಕ. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ವಿಷಯ ಹೈಕೋರ್ಟಿಗೆ ಹೋಯಿತು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಆಮೇಲೆ ನೀರು ಮತ್ತೆ ಹರಿಯಿತು.

ಅವತ್ತಿನಿಂದ ಈ ನೀರಿನ ಬಗ್ಗೆ ನಡೆದ ಜಗಳವೆಲ್ಲ ಹೆಚ್ಚುಕಡಿಮೆ ಎರಡೇ ಪ್ರಶ್ನೆಗಳ ಸುತ್ತ. ಅಂತರ್ಜಲ ಮೇಲೆ ಬಂತಾ? ನೀರು ಎಷ್ಟು ಶುದ್ಧ? ಎರಡೂ ಬೇಕಾದ ಪ್ರಶ್ನೆಗಳೇ. ಸಾವಿರ ಅಡಿ ದಾಟಿ ಕೊರೆದರೂ ಬರೀ ಧೂಳು ಬರುತ್ತಿದ್ದ ಜಿಲ್ಲೆಯಲ್ಲಿ ಬತ್ತಿದ ಬೋರ್‌ವೆಲ್ ಮತ್ತೆ ನೀರು ಕೊಟ್ಟರೆ ಅದು ಸಣ್ಣ ಮಾತಲ್ಲ. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಎಂದು ಪಟ್ಟು ಹಿಡಿದವರ ಮಾತನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಆದರೆ ಈ ನೀರಿಗೆ ಒಂದು ಷರತ್ತಿದೆ. ಇದು ಅಂತರ್ಜಲ ಮರುಪೂರಣಕ್ಕೆ ಮಾತ್ರ. ತೂಬು (ಏರಿಯಲ್ಲಿ ನೀರು ಬಿಡುವ ಕಂಡಿ) ಎತ್ತಿ ಕೆರೆಯಿಂದ ನೇರವಾಗಿ ಗದ್ದೆಗೆ ಬಿಟ್ಟುಕೊಳ್ಳುವಂತಿಲ್ಲ, ಮೋಟಾರ್ ಇಟ್ಟು ಎತ್ತುವಂತಿಲ್ಲ. ಷರತ್ತಿಗೆ ಕಾರಣ ಇದೆ. ಮಣ್ಣಿನಲ್ಲಿ ಇಂಗಿ ಸೋಸಿಕೊಂಡ ಮೇಲೆಯೇ ಬಳಕೆಗೆ ಬರಲಿ ಎನ್ನುವುದು. ಸರಿ. ಆದರೆ ಪರಿಣಾಮ ನೋಡಿ. ಬೋರ್ ಕೊರೆಸಲು ದುಡ್ಡು ಇದ್ದವರ ತೋಟಕ್ಕೆ ನೀರು ಸಿಗುತ್ತದೆ. ಏರಿಯ ಕೆಳಗೆ ಹತ್ತಿಪ್ಪತ್ತು ಗುಂಟೆ ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, ಇಟ್ಟುಕೊಂಡು, ಬೋರ್ ಇಲ್ಲದವರು ತುಂಬಿದ ಕೆರೆಯನ್ನು ನೋಡುತ್ತ ಕೂರಬೇಕು. ತೂಬು ಎತ್ತುವ ಹಾಗಿಲ್ಲದ ನೀರಿನ ಗುಂಡಿಯನ್ನು ಕೆರೆ ಅನ್ನಬಹುದಾ?

ಈ ಪ್ರಶ್ನೆಗೆ ನೀರಿನ ಪರೀಕ್ಷೆಯ ವರದಿಯಲ್ಲಿ ಉತ್ತರ ಇಲ್ಲ. ಇದು ಚರಿತ್ರೆಯ, ಭಾಷೆಯ, ಜನಪದದ, ನ್ಯಾಯ-ಅನ್ಯಾಯದ ಪ್ರಶ್ನೆ. ಕಾಲೇಜಿನಲ್ಲಿ 'ಆರ್ಟ್ಸ್' ಅಂತ ಕರೆಯುತ್ತೇವಲ್ಲ, ಪುಸ್ತಕದ ಕನ್ನಡದಲ್ಲಿ ಮಾನವಿಕ ಅನ್ನುತ್ತೇವಲ್ಲ, ಆ ಕಡೆಯದು. 'ಏನಪ್ಪಾ, ಆರ್ಟ್ಸ್ ತಗೊಂಡ್ಯಾ?' ಎಂದು ಮದುವೆ ಮನೆಯಲ್ಲಿ ಕೇಳುವ ದನಿ ನಿಮಗೂ ಗೊತ್ತಿರಬೇಕು. ಪರಿಸರದ ಯೋಜನೆಗಳಲ್ಲೂ ಅದೇ ದನಿ. ಸರ್ವೆ, ಮ್ಯಾಪು, ಅಂದಾಜು ವೆಚ್ಚ, ಟೆಂಡರು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಬೀದಿನಾಟಕ, ಒಂದು ಜಾಗೃತಿ ಗೀತೆ. ಅದಕ್ಕೆ ಆರ್ಟ್ಸಿನವರು ಬೇಕು. ನನ್ನ ತಕರಾರು ಇಷ್ಟೇ: ಅವರನ್ನು ಕರೆಯುವುದು ತುಂಬ ತಡವಾಯಿತು. ಹಾಡು ಬರೆಸಲು ಕರೆಯುವ ಬದಲು, ಕೆರೆ ಅಂದರೆ ಏನು ಎಂದು ಮೊದಲ ದಿನವೇ ಕೇಳಲು ಕರೆಯಬೇಕಿತ್ತು.

ಉತ್ತರ ಕಲ್ಲಿನ ಮೇಲೆಯೇ ಇದೆ. ಈಗಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನ ಇದೆ. ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ ಅಲ್ಲಿ ದೊಡ್ಡ ಕೆರೆ ಕಟ್ಟಿಸಿದ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಶಾಸನ ಬರೆಸಿದವರು ಅಷ್ಟಕ್ಕೇ ನಿಲ್ಲಿಸಿಲ್ಲ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆಗಬಾರದ ಆರು ದೋಷಗಳನ್ನೂ ಪಟ್ಟಿ ಮಾಡಿದ್ದಾರೆ. ಎಂಜಿನಿಯರ್ ಓದಿದರೂ ತಲೆದೂಗುವ ಸಂಗತಿಗಳು ಅದರಲ್ಲಿವೆ. ಗಟ್ಟಿ ಜೇಡಿನೆಲ, ಸಿಹಿನೀರಿನ ಹೊಳೆ, ತೀರ ಉದ್ದವಾಗದ ಭದ್ರ ಏರಿ, ಹತ್ತಿರದಲ್ಲೇ ನೀಳ ಕಲ್ಲು ಸಿಗುವ ಗಣಿ.

ಆದರೆ ಪಟ್ಟಿಯ ಮೊದಲನೇ ಸಾಲಿನಲ್ಲಿ ಮಣ್ಣೂ ಇಲ್ಲ, ನೀರೂ ಇಲ್ಲ. ಅಲ್ಲಿರುವುದು ರಾಜ. ಧರ್ಮವಂತ, ಸಿರಿವಂತ, ನೆಮ್ಮದಿಯಾಗಿರುವವ, ಹೆಸರು ಉಳಿಯಬೇಕೆಂಬ ಆಸೆ ಇರುವವ. ಎರಡನೆಯದು ನೀರಿನ ಶಾಸ್ತ್ರ ಬಲ್ಲ ಬ್ರಾಹ್ಮಣ. ಕೊನೆಯದು ಕೆಲಸ ಬಲ್ಲ ಆಳುಗಳ ತಂಡ. ಅಂದರೆ ಕೆರೆಯ ಅಂಗಗಳ ಪಟ್ಟಿ ಮನುಷ್ಯರಿಂದ ಶುರುವಾಗಿ ಮನುಷ್ಯರಲ್ಲೇ ಮುಗಿಯುತ್ತದೆ. ಮಣ್ಣು-ಕಲ್ಲು ನಡುವೆ ಬರುತ್ತವೆ. ದೋಷಗಳಲ್ಲೂ ಹಾಗೆಯೇ. ಏರಿ ಜಿನುಗುವುದು, ಸವಳು ನೆಲ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆ ಇದ್ದು ಜಮೀನು ಜಾಸ್ತಿಯಾಗುವುದು, ಜಮೀನು ಕಡಿಮೆ ಇದ್ದು ನೀರು ಜಾಸ್ತಿಯಾಗುವುದು. ಇವುಗಳ ಜೊತೆ ಇನ್ನೊಂದು: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ನೆಲ ಎಷ್ಟೇ ಚೆನ್ನಾಗಿರಲಿ, ಯಾರದು ಎನ್ನುವುದು ಇತ್ಯರ್ಥ ಆಗದಿದ್ದರೆ ಅದು ಕೆಟ್ಟ ಕೆರೆ.

ಇವತ್ತಿನ ಸಾಧಾರಣ ಹಳ್ಳಿ ಕೆರೆ ತೆಗೆದುಕೊಳ್ಳಿ. ಕೆರೆ ಅಂಗಳದ ದಾಖಲೆ ಕಂದಾಯ ಇಲಾಖೆಯಲ್ಲಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ, ಚಿಕ್ಕದಾದರೆ ಪಂಚಾಯತಿ. ಮೀನಿಗೆ ಮೀನುಗಾರಿಕೆ ಇಲಾಖೆ, ಜಾಲಿ ಮರಕ್ಕೆ ಅರಣ್ಯ ಇಲಾಖೆ. ಎರಡಲ್ಲ, ನಾಲ್ಕೈದು ರಾಜ್ಯಗಳ ಗಡಿ!

ಆ ಕಾಲದಲ್ಲಿ ಕೆರೆ ಕಟ್ಟುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದಕ್ಕೆ ಹೆಚ್ಚು ಶಾಸನಗಳು ತಲೆಕೆಡಿಸಿಕೊಂಡಂತೆ ಕಾಣುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಮಾತುಗಳು ಕೋಲಾರ, ತುಮಕೂರು, ಬೆಂಗಳೂರು ಸೀಮೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಅದೇ ಕೆರೆಯ ಕೆಳಗೆ ಬಿಟ್ಟ ಗದ್ದೆ. ಹೂಳು ಹೊರುವ ಬಂಡಿ, ಅದನ್ನು ಎಳೆಯುವ ಕೋಣ ಇವುಗಳ ಖರ್ಚಿಗೂ ಭೂಮಿ ಬಿಟ್ಟದ್ದಿದೆ. ಏರಿ ಒಡೆದರೆ ತನ್ನ ಗದ್ದೆಯೂ ಹೋಗುತ್ತದೆ ಎಂದು ಗೊತ್ತಿದ್ದವರು ನಿರ್ವಹಣೆಯ ಅನುದಾನ ಬರಲಿ ಎಂದು ಕಾಯುವುದಿಲ್ಲ.

ಈಗ ತೂಬಿನ ಹತ್ತಿರ ಹೋಗೋಣ. ಏರಿಯ ಒಳಮಗ್ಗುಲಲ್ಲಿ, ನೀರಿನಲ್ಲಿ ಎರಡು ಕಲ್ಲುಕಂಬ ನಿಂತಿರುತ್ತವೆ. ನಡುವೆ ಅಡ್ಡ ಹಾಸಿದ ಚಪ್ಪಡಿಗಳು, ಪ್ರತಿ ಚಪ್ಪಡಿಯ ನಡುವೆ ಒಂದು ತೂತು. ಆ ತೂತುಗಳ ಮೂಲಕ ಇಳಿದ ಉದ್ದನೆಯ ಗಳು. ಗಳುವಿನ ತುದಿಯಲ್ಲಿ ತಳದ ಕಂಡಿಗೆ ಸರಿಯಾಗಿ ಕೂರುವ ಬಿರಡೆ. ಕೆರೆ ತುಂಬಿದ್ದಾಗ ಈಜಿಕೊಂಡು ಹೋಗಿ ಆ ಗಳು ಎತ್ತಬೇಕು. ಎಷ್ಟು ಎತ್ತಬೇಕು, ಎಷ್ಟು ಹೊತ್ತು ಎತ್ತಬೇಕು ಎನ್ನುವುದು ಒಬ್ಬರ ಕೈಯಲ್ಲಿ. ಅವರೇ ನೀರುಗಂಟಿ.

ನೀರುಗಂಟಿ ಹೆಚ್ಚಾಗಿ ದಲಿತ ಕುಟುಂಬದವರು. ಕೆಲಸ ವಂಶದಿಂದ ಬಂದದ್ದು. ಸುಗ್ಗಿಯಲ್ಲಿ ಕಣದಿಂದ ಕಾಳು, ಜೊತೆಗೆ ಒಂದಿಷ್ಟು ಇನಾಂ ಜಮೀನು. ಯಾವ ಗದ್ದೆಗೆ ಯಾವತ್ತು ನೀರು ಎನ್ನುವುದು ಅವರ ತಲೆಯಲ್ಲಿ ಇರುತ್ತಿತ್ತು, ಕಾಗದದಲ್ಲಿ ಅಲ್ಲ. ಕೋಲಾರದ ಕಡೆ ದಮಾಷಾ ಎಂಬ ಪದ್ಧತಿಯೂ ಇತ್ತು. ಕೆರೆ ಅರ್ಧವೇ ತುಂಬಿದ ವರ್ಷ ಅಚ್ಚುಕಟ್ಟಿನ ತುದಿಯವರೆಗೆ ನೀರು ಹರಿಸುವುದು ವ್ಯರ್ಥ. ಅದಕ್ಕೆ ತೂಬಿನ ಹತ್ತಿರದ ಜಮೀನನ್ನಷ್ಟೇ ಆ ವರ್ಷಕ್ಕೆ ಎಲ್ಲರಿಗೂ ಪಾಲು ಹಾಕುವುದು. ನಿಮ್ಮ ಗದ್ದೆ ಕೊನೆಯಲ್ಲಿದ್ದರೂ ಆ ವರ್ಷ ನಿಮಗೆ ತೂಬಿನ ಬಾಯಲ್ಲಿ ಒಂದು ಪಟ್ಟಿ ಸಿಗುತ್ತಿತ್ತು. ಮುಂದಿನ ವರ್ಷ ಮಳೆ ಚೆನ್ನಾದರೆ ಅವರವರ ಗದ್ದೆ ಅವರವರಿಗೆ.

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವುದು ಹೇಗೆ ಎಂದು ಈಗ ಕಾರ್ಯಾಗಾರ ನಡೆಯುತ್ತವೆ. 2021ರ ನವೆಂಬರಿನಲ್ಲಿ ಕೋಲಾರದ ಕೆರೆಗಳು ಕೋಡಿ ಬಿದ್ದು ಹರಿದವು, ಕಟಾವಿಗೆ ಬಂದ ರಾಗಿ ಹೊಲದಲ್ಲೇ ಹಾಳಾಯಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಒಂದು ವರ್ಷ ಹೀಗೆ, ಇನ್ನೊಂದು ವರ್ಷ ಹಾಗೆ. ದಮಾಷಾ ಹುಟ್ಟಿದ್ದೇ ಇಂಥ ಏರುಪೇರಿಗೆ. ಉಪಗ್ರಹದ ಚಿತ್ರದಲ್ಲಿ ಏರಿ ಕಾಣುತ್ತದೆ, ಹೂಳು ಕಾಣುತ್ತದೆ, ಒತ್ತುವರಿಯೂ ಕಾಣುತ್ತದೆ. ದಮಾಷಾ ಕಾಣುವುದಿಲ್ಲ. ಅದು ಯಾರದೋ ಅಜ್ಜನ ಬಾಯಲ್ಲಿ ಉಳಿದಿರುತ್ತದೆ, ಅಷ್ಟೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರ, ನೀರುಗಂಟಿ ಮೊದಲಾದ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ತೆಗೆಯಬೇಕಾದದ್ದೇ. ಹುಟ್ಟಿನಿಂದ ಅಂಟುವ ಕೆಲಸ ಮರ್ಯಾದೆಯ ಕೆಲಸ ಅಲ್ಲ. ಆದರೆ ಹುದ್ದೆ ಹೋದ ಮೇಲೆ ತೂಬು ಯಾರು ಎತ್ತಬೇಕು ಎಂದು ಯಾರೂ ಯೋಚಿಸಲಿಲ್ಲ. ಹಿಂದೆಯೇ ಬೋರ್‌ವೆಲ್ ಬಂತು, ನಾಲ್ಕು ಕಾಸು ಇದ್ದವರಿಗೆ ಕೆರೆಯ ಹಂಗೇ ತಪ್ಪಿತು. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲ ಸಂವರ್ಧನೆ ಯೋಜನೆ ಶುರುವಾಯಿತು. ಊರೂರಿಗೆ ಕೆರೆ ಬಳಕೆದಾರರ ಸಂಘ ಕಟ್ಟಿದರು. ಹೂಳು ತೆಗೆದರು, ಏರಿ ರಿಪೇರಿ ಮಾಡಿದರು. ಯೋಜನೆ ಮುಗಿದ ಮೇಲೆ ಎಷ್ಟೋ ಊರಲ್ಲಿ ಸಂಘದ ಬೋರ್ಡ್ ಉಳಿಯಿತು, ಸಂಘ ಉಳಿಯಲಿಲ್ಲ. ಆ ಊರಲ್ಲಿ ಹಿಂದೆ ನೀರು ಹೇಗೆ ಹಂಚಿಕೆಯಾಗುತ್ತಿತ್ತು, ಅದು ಯಾಕೆ ಮುರಿದುಬಿತ್ತು ಎಂದು ಮೊದಲು ಕೇಳಿದ್ದರೆ ಬೇರೆ ಥರ ಸಂಘ ಕಟ್ಟುತ್ತಿದ್ದರೇನೋ.

ಭಾಷೆಯ ವಿಷಯಕ್ಕೆ ಬರೋಣ. ಕಂದಾಯ ದಾಖಲೆಯಲ್ಲಿ 'ಬಿ ಖರಾಬು' ಎಂದು ಬರೆದ ಜಾಗ ನೋಡಿರುತ್ತೀರಿ. ಹಳ್ಳ, ಕಾಲುವೆ, ದಾರಿ, ಕೆರೆಯಂಥ ಎಲ್ಲರಿಗೂ ಸೇರಿದ ಜಾಗಗಳೆಲ್ಲ ಬಿ ಖರಾಬು. ಖರಾಬು ಅಂದರೆ ಕೆಟ್ಟದ್ದು. ಕೆಟ್ಟದ್ದು ಯಾರ ಕಣ್ಣಿಗೆ? ಕಂದಾಯ ಲೆಕ್ಕ ಹಾಕುವವರ ಕಣ್ಣಿಗೆ. ತೆರಿಗೆ ಬರಲಿಲ್ಲ, ಹಾಗಾಗಿ ಕೆಟ್ಟ ಜಾಗ. ಊರಿಗೆ ನೀರು ತರುವ ಹಳ್ಳಕ್ಕೆ ದಾಖಲೆಯಲ್ಲಿ ಈ ಹೆಸರು ಬಿದ್ದು ನೂರಕ್ಕೂ ಹೆಚ್ಚು ವರ್ಷವಾಯಿತು. ಕೆಟ್ಟದ್ದು ಎಂದು ಬರೆದಿಟ್ಟ ಜಾಗವನ್ನು ಮುಚ್ಚಿ ಲೇಔಟ್ ಮಾಡಿದಾಗ ಯಾರಿಗೂ ಅಷ್ಟಾಗಿ ಚುರುಕ್ ಅನ್ನುವುದಿಲ್ಲ.

ಬೆಂಗಳೂರಿನ ರಾಜಕಾಲುವೆಯ ಕತೆ ಇನ್ನೂ ಸ್ವಾರಸ್ಯ. ಕಾಲುವೆ ಅಂದರೆ ಒಂದು ಕೆರೆಯ ಕೋಡಿಯ ನೀರನ್ನು ಮುಂದಿನ ಕೆರೆಗೆ ಮುಟ್ಟಿಸುವ ದಾರಿ. ಆಫೀಸಿನ ಇಂಗ್ಲಿಷಿನಲ್ಲಿ ಅದು 'ಸ್ಟಾರ್ಮ್ ವಾಟರ್ ಡ್ರೈನ್' ಆಯಿತು. ಡ್ರೈನ್ ಇರುವುದು ನೀರನ್ನು ಆಚೆ ಸಾಗಹಾಕಲು. ಈಗ ಬಾಯಿಮಾತಿನಲ್ಲಿ ಬರೀ ಮೋರಿ. ಮೂರು ಹೆಸರಿನಲ್ಲಿ ಒಂದೇ ಜಾಗದ ಕೆಲಸ ತಲೆಕೆಳಗಾಯಿತು. ಮೋರಿಗೆ ಕಾಂಕ್ರೀಟ್ ಹಾಕುವುದು, ಮೇಲೆ ಚಪ್ಪಡಿ ಮುಚ್ಚುವುದು ಎಲ್ಲ ಸಹಜವಾಗಿಯೇ ಕಾಣುತ್ತದೆ, ಅಲ್ವಾ?

ಊರ ಹೆಸರುಗಳು ಮಾತ್ರ ಹಟಮಾರಿ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ. ಸಂದ್ರ ಅಂದರೆ ಸಮುದ್ರ. ದೊಡ್ಡ ಕೆರೆಗೆ ಸಮುದ್ರ ಎಂದು ಹೆಸರಿಟ್ಟು ಪಕ್ಕದಲ್ಲಿ ಊರು ಕಟ್ಟಿದ್ದರು. ಹೊರವರ್ತುಲ ರಸ್ತೆಗೆ ಅಂಟಿಕೊಂಡಿರುವ ಅಗರದಲ್ಲಿ ಗಂಗರ ಕಾಲದ, 9ನೇ ಶತಮಾನದ ಶಾಸನ ಇದೆ. ಇರುಗಮಯ್ಯ ಎಂಬಾತ ಕೆರೆಗಳಿಗೆ ತೂಬು ಇಡಿಸಿದ, ಇನ್ನೊಂದು ಕೆರೆಯನ್ನೂ ಕಟ್ಟಿಸಿದ ಎನ್ನುತ್ತದೆ ಅದು. 2022ರ ಸೆಪ್ಟೆಂಬರಿನಲ್ಲಿ ಅದೇ ಹೊರವರ್ತುಲ ರಸ್ತೆ ಮುಳುಗಿತು. ಐಟಿ ಕಂಪನಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೋ ದೇಶವೆಲ್ಲ ಓಡಾಡಿತು. ಇಲ್ಲಿ ನೀರು ನಿಲ್ಲುತ್ತದೆ ಎಂದು ಸಾವಿರದ ನೂರು ವರ್ಷದಿಂದ ಕಲ್ಲಿನಲ್ಲಿ ಬರೆದಿತ್ತು. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿ ಇಂಥ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಆ ದಾಖಲೆಯನ್ನು ನಗರದ ಪ್ರವಾಹದ ಮ್ಯಾಪಿನ ಪಕ್ಕ ಇಟ್ಟು ಓದುವುದು ಅಂಥ ದೊಡ್ಡ ಖರ್ಚಿನ ಕೆಲಸವಲ್ಲ.

ಹೀಗೇ ಭಾಷೆಯಲ್ಲಿ ಎಡವಿದ ಇನ್ನೊಂದು ಪ್ರಸಂಗ ಪಶ್ಚಿಮ ಘಟ್ಟದ್ದು. ಘಟ್ಟದ ಪರಿಸರ ಉಳಿಸುವುದು ಹೇಗೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಗ್ರಾಮಸಭೆಗಳು ಚರ್ಚೆ ಮಾಡಿ ತೀರ್ಮಾನಿಸಲಿ ಎನ್ನುವುದು ಅದರ ಜೀವಾಳ. ವರದಿ ಇದ್ದದ್ದು ಮಾತ್ರ ಇಂಗ್ಲಿಷಿನಲ್ಲಿ. ಸ್ಥಳೀಯ ಭಾಷೆಗೆ ತನ್ನಿ ಎಂದು ಗಾಡ್ಗೀಳರೇ ಕೇಳುತ್ತಿದ್ದರು. ಮಲೆನಾಡಿನ ಹಳ್ಳಿಗೆ ವರದಿಗಿಂತ ಮೊದಲು ಗಾಳಿಸುದ್ದಿ ತಲುಪಿತು. ಮುಂದೆ ವಿರೋಧ ಎದ್ದಿತು, ವರದಿ ಮೂಲೆಗೆ ಬಿತ್ತು.

ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಹಿಂದೆ ಸಂಪಂಗಿ ಕೆರೆ ಇತ್ತು. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ. ಧರ್ಮಾಂಬುಧಿ ಗುರುತೂ ಉಳಿಯದ ಹಾಗೆ ಹೋಯಿತು. ಸಂಪಂಗಿ ಮಾತ್ರ ಪೂರ್ತಿ ಹೋಗಲಿಲ್ಲ. ಕ್ರೀಡಾಂಗಣದ ಪಕ್ಕ ಒಂದು ಪುಟ್ಟ ಕೊಳ ಉಳಿದಿದೆ. ಯಾಕೆ ಗೊತ್ತಾ? ಬೆಂಗಳೂರು ಕರಗಕ್ಕೆ ಬೇಕು. ಕರಗ ಹೊರುವ ತಿಗಳ ಸಮುದಾಯದವರು ಒಂದು ಕಾಲಕ್ಕೆ ಆ ಕೆರೆಯ ಸುತ್ತ ತೋಟ ಮಾಡಿಕೊಂಡಿದ್ದವರು. ತೋಟ ಹೋಯಿತು, ಕೆರೆ ಹೋಯಿತು, ಆಚರಣೆ ಉಳಿಯಿತು. ಆಚರಣೆ ಇದ್ದದ್ದರಿಂದ ಅಷ್ಟು ನೀರು ಉಳಿಯಿತು. ಕಾಯ್ದೆಯ ಕೈಗೆ ಸಿಗದಿದ್ದದ್ದು ಒಂದು ಹಬ್ಬದ ಕೈಗೆ ಸಿಕ್ಕಿತು. ಇಷ್ಟಾದರೂ ಯಾವ ಕೆರೆ ಅಭಿವೃದ್ಧಿ ಕಡತದಲ್ಲೂ 'ಇಲ್ಲಿ ಏನೇನು ಹಬ್ಬ ನಡೆಯುತ್ತದೆ' ಎಂಬ ಕಾಲಂ ಇರುವುದನ್ನು ನಾನು ಕಂಡಿಲ್ಲ.

ಹಾಗಂತ ಹಳೆಯದೆಲ್ಲ ಚಿನ್ನ ಎಂದು ಹೇಳಿಬಿಟ್ಟರೆ ಅದೂ ಅರ್ಧಸತ್ಯ. ಮಾನವಿಕದವರು ಬೀಳುವ ಹಳ್ಳ ಇದೇ. ಪರಿಸರದ ಭಾಷಣಗಳಲ್ಲಿ 'ನಮ್ಮ ಹಿರಿಯರು' ಎಂಬ ಮಾತು ಬಂದ ಕೂಡಲೇ ನನಗೆ ಸ್ವಲ್ಪ ಅನುಮಾನ ಶುರುವಾಗುತ್ತದೆ. ಯಾವ ಹಿರಿಯರು? ತೂಬು ಎತ್ತಿ ಊರಿಗೆಲ್ಲ ನೀರು ಹಂಚಿದ ನೀರುಗಂಟಿಗೆ ಊರ ಬಾವಿಯಲ್ಲಿ ಕೊಡ ಇಳಿಸುವ ಹಕ್ಕು ಇರಲಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದಲ್ಲಿ ಸತ್ಯಾಗ್ರಹ ಮಾಡಬೇಕಾಗಿ ಬಂದದ್ದು ಒಂದು ಕೆರೆಯ ನೀರು ಮುಟ್ಟುವುದಕ್ಕೆ. ನಾವೆಲ್ಲ ಶಾಲೆಯಲ್ಲಿ ಓದಿದ 'ಕೆರೆಗೆ ಹಾರ' ಜನಪದ ಕಥನವನ್ನೇ ನೋಡಿ. ಕಲ್ಲನಕೇರಿ ಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಬಲಿ ಕೊಡಬೇಕು ಎಂದಾಗ ಹಿರಿಸೊಸೆ ಬೇಡ, ಮನೆಯ ಹಿರಿತನಕ್ಕೆ ಬೇಕು. ಕಿರಿಸೊಸೆ ಭಾಗೀರಥಿ ಆಗಬಹುದು. ತ್ಯಾಗದ ಹಾಡು ಎಂದು ನಮಗೆ ಪಾಠ ಮಾಡಿದ್ದರು. ಈಗ ಓದಿದರೆ ಅದು ಲೆಕ್ಕಾಚಾರದ ಹಾಡು ಅನ್ನಿಸುತ್ತದೆ. ಊರಿಗೆ ನೀರು ಬೇಕು, ಖರ್ಚು ಯಾರ ತಲೆಗೆ ಹಾಕುವುದು ಎಂದು ಮನೆಯವರು ಕೂತು ತೀರ್ಮಾನಿಸುತ್ತಾರೆ. ಮನೆಯಲ್ಲಿ ಯಾರ ಮಾತಿಗೆ ಬೆಲೆ ಕಡಿಮೆಯೋ ಅವಳ ತಲೆಗೆ. ಅಪ್ಪ-ಅವ್ವನ ಹತ್ತಿರ ಬಾಯಿ ಬಿಡದ ಭಾಗೀರಥಿ ಗೆಳತಿಯ ಮುಂದೆ ಮಾತ್ರ ನಿಜ ಹೇಳುತ್ತಾಳೆ. ಸರ್ವೆ ಮಾಡಲು ಫಾರಂ ಹಿಡಿದುಕೊಂಡು ಹೋಗುವವರು ಈ ಒಂದು ವಿವರವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಕೋಲಾರದ ನೀರಿಗೆ ವಾಪಸ್ ಬಂದರೆ, ಅಲ್ಲಿನ ಸಿಟ್ಟಿನಲ್ಲಿ ಬರೀ ರಾಸಾಯನಿಕದ ಭಯ ಇಲ್ಲ. ಬೆಂಗಳೂರಿಗೆ ಹಾಲು, ಟೊಮೆಟೊ, ಸೊಪ್ಪು ಕಳಿಸುವ ಜಿಲ್ಲೆ ಇದು. ವಾಪಸ್ ಬರುವುದು ಕಕ್ಕಸಿನ ನೀರಾ ಎಂಬ ನೋವು ಅದರಲ್ಲಿದೆ. ಕೋಡಿ ಬಿದ್ದ ಕೆರೆಗೆ ಬಾಗಿನ ಕೊಡುವ, ಗಂಗಮ್ಮ ಎಂದು ಕೈಮುಗಿಯುವ ಜನ ಈ ನೀರಿಗೆ ಏನನ್ನಬೇಕು? ಲ್ಯಾಬಿನ ವರದಿ ಎಲ್ಲ ಸರಿ ಇದ್ದರೂ ಆ ಪ್ರಶ್ನೆ ಅಲ್ಲೇ ಉಳಿಯುತ್ತದೆ. ಅದನ್ನು ಮೂಢನಂಬಿಕೆ ಎಂದು ಪಕ್ಕಕ್ಕಿಟ್ಟರೆ ಯೋಜನೆ ಊರಿನದಾಗುವುದಿಲ್ಲ. ಊರಿನದಾಗದ ಕೆರೆಯ ಏರಿಗೆ ಇಲಿ ಬಿಲ ತೋಡಿದರೂ ಯಾರೂ ಬಂದು ಮಣ್ಣು ಹಾಕುವುದಿಲ್ಲ.

ನೀರು ಶುದ್ಧವಾಗುವವರೆಗೆ ತೂಬು ಮುಚ್ಚಿಯೇ ಇರಲಿ, ಒಪ್ಪೋಣ. ಆದರೆ ಅಲ್ಲಿಯವರೆಗೆ ಬೋರ್ ಇಲ್ಲದ ಅಚ್ಚುಕಟ್ಟುದಾರರಿಗೆ ಪಾಲು ಏನು? ಅವರಿಗೆ ಸಾಮೂಹಿಕ ಬೋರ್‌ವೆಲ್ ಕೊಟ್ಟು, ದಮಾಷಾ ಥರ ಪಾಲು ಹಾಕಬಹುದಾ? ಮುಂದೆ ತೂಬು ತೆರೆದರೆ ಎತ್ತುವವರು ಯಾರು, ಸಂಬಳ ಎಷ್ಟು, ಜಾತಿ ನೋಡದೆ ನೇಮಿಸುವುದು ಹೇಗೆ? ಇವಕ್ಕೆಲ್ಲ ಹಳೆಯ ಉತ್ತರವನ್ನು ಹಾಗೇ ತಂದು ಅಂಟಿಸಲು ಬರುವುದಿಲ್ಲ. ಆದರೆ ಆ ಉತ್ತರ ಏನಾಗಿತ್ತು ಎಂದಾದರೂ ಗೊತ್ತಿರಬೇಕು.

ಗೊತ್ತಿರುವವರು ಕಡಿಮೆಯಾಗುತ್ತಿದ್ದಾರೆ. 1961ರಲ್ಲಿ ಇಪ್ಪತ್ತು ವರ್ಷದವರಾಗಿದ್ದ ನೀರುಗಂಟಿಗೆ ಈಗ ಎಂಬತ್ತು ದಾಟಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದುವ ಮಕ್ಕಳು ಬಹಳ ಮಂದಿ ಇದೇ ಊರುಗಳವರು. ಅವರ ಕೈಯಲ್ಲಿ ಮೊಬೈಲ್ ಇದೆ, ಅದರಲ್ಲಿ ರೆಕಾರ್ಡರ್ ಇದೆ. ಮನೆಯ ಜಗುಲಿಯಲ್ಲಿ ಕೂತ ಅಜ್ಜನಿಗೆ ಒಂದು ಲೋಟ ಕಾಫಿ ಕೊಟ್ಟು ಶುರು ಮಾಡಬಹುದು: ತಾತಾ, ನಮ್ಮ ಕೆರೆ ತೂಬು ಕೊನೇ ಸಲ ಎತ್ತಿದ್ದು ಯಾವ ವರ್ಷ?